ಡ್ರಮ್ ವಾದಕರು ಮತ್ತೆ ಶಾಲೆಗೆ ಹೋದ ಕಥೆ

ಬೀದರದಿಂದ ಔರಾದ ಕಡೆಗೆ ಹೊರಟರೆ ದಾರಿಯಲ್ಲಿ ಜನವಾಡ ಸಿಗುತ್ತದೆ. ಸುತ್ತ ತೊಗರಿ, ಉದ್ದು, ಸೋಯಾ ಬೆಳೆಯುವ ಹೊಲಗಳು. ಅಲ್ಲಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಸಂಜೆ ಏಳು ಗಂಟೆ. ಹತ್ತನೆಯ ತರಗತಿಯ ಹುಡುಗ ಗಣಿತದ ಪುಸ್ತಕ ತೆರೆದುಕೊಂಡು ಕೂತಿದ್ದಾನೆ. ಕಣ್ಣು ಪುಸ್ತಕದ ಮೇಲಿದೆ, ಬೆರಳುಗಳು ಮಾತ್ರ ತಗಡಿನ ಪೆಟ್ಟಿಗೆಯ ಮೇಲೆ. ಬಲಗೈ ಒಂದು ಲೆಕ್ಕದಲ್ಲಿ ಬೀಳುತ್ತದೆ, ಎಡಗೈ ಇನ್ನೊಂದರಲ್ಲಿ. ನಡುವೆ ಕಾಲ ಹಿಮ್ಮಡಿ ನೆಲಕ್ಕೆ ತಾಗುತ್ತದೆ. ಮೊಬೈಲಿನಲ್ಲಿ ಯಾವುದೋ ರಾಕ್ ತಂಡದ ಡ್ರಮ್ ವಾದಕನನ್ನು ನೋಡಿದಂದಿನಿಂದ ಅವನಿಗೆ ಇದೇ ಗೀಳು.

ಹೊರಗಿನಿಂದ ಬಂದ ಅಪ್ಪ ಬಾಗಿಲಲ್ಲೇ ನಿಂತು ಕೇಳುತ್ತಾನೆ: “ಓದಲಾಕ ಕೂತೀದಿಯೋ, ಬಡೀಲಾಕ ಕೂತೀದಿಯೋ?”

ಹುಡುಗನ ಕೈ ನಿಲ್ಲುತ್ತದೆ. ಅವ್ವ ಒಲೆಯ ಮುಂದಿನಿಂದ ತಲೆ ಎತ್ತಿ ನೋಡಿ ಮತ್ತೆ ರೊಟ್ಟಿ ತಟ್ಟುತ್ತಾಳೆ. ಇಂಥ ಮಾತು ಎಷ್ಟೋ ಮನೆಗಳಲ್ಲಿ ದಿನವೂ ನಡೆಯುತ್ತದೆ. ಮಕ್ಕಳ ಓದು ಕೆಟ್ಟೀತೆಂಬ ಹೆದರಿಕೆ ಎಲ್ಲ ತಂದೆ ತಾಯಿಗಳಿಗೂ ಇದೆ. ಆದರೆ ಈ ಮನೆಯ ಅಪ್ಪನ ಸಿಟ್ಟಿನ ಹಿಂದೆ ಅದಕ್ಕಿಂತ ಹಳೆಯದೊಂದು ನೋವಿದೆ. ಅವನ ಅಪ್ಪ ಊರಿಗೆ ಹಲಗೆ ಬಾರಿಸುತ್ತಿದ್ದವನು. ಸಾವಾದರೆ ಹಲಗೆ, ಜಾತ್ರೆಯಾದರೆ ಹಲಗೆ, ಡಂಗುರಕ್ಕೂ ಹಲಗೆ. ಬಾರಿಸಿದ್ದಕ್ಕೆ ಸಿಗುತ್ತಿದ್ದುದು ಸೇರು ಜೋಳ, ಅದೂ ಅಂಗಳದ ಆಚೆ ನಿಂತು ಸೆರಗೊಡ್ಡಿದಾಗ. ಬಾರಿಸುವವನ ಕೈಯ ಚಳಕವನ್ನು ಮೆಚ್ಚಿದ ಜನರೇ ಅವನನ್ನು ಮುಟ್ಟುತ್ತಿರಲಿಲ್ಲ. 1970ರ ದಶಕದಿಂದ ಈಚೆಗೆ ದಲಿತ ಚಳವಳಿ ಹಳ್ಳಿಗಳಿಗೆ ತಲುಪಿದಾಗ, ಇಂಥ ಬಿಟ್ಟಿ ಚಾಕರಿ ಇನ್ನು ಸಾಕು ಎಂದು ಎಷ್ಟೋ ಮನೆಗಳವರು ಹಲಗೆಯನ್ನು ಕೆಳಗಿಟ್ಟರು. ಈ ಮನೆಯಲ್ಲೂ ಅದು ಅಟ್ಟ ಸೇರಿತು. ಮಗ ಪೆನ್ನು ಹಿಡಿಯಬೇಕೆಂದು ತಂದೆ ಕೋಲು ಬಿಟ್ಟ. ಈಗ ಮೊಮ್ಮಗ ಪೆನ್ನನ್ನೇ ಕೋಲು ಮಾಡಿಕೊಂಡಿದ್ದಾನೆ!

ಅಪ್ಪನ ಪ್ರಶ್ನೆ ನ್ಯಾಯವಾದದ್ದು. ಬಡಿದು ಬದುಕುವುದು ಸಾಧ್ಯವೇ? ಸಾಧ್ಯವಾದರೂ ಮರ್ಯಾದೆಯಿಂದ ಬದುಕುವುದು ಸಾಧ್ಯವೇ? ಇದಕ್ಕೆ ಉಪದೇಶ ಉತ್ತರವಾಗುವುದಿಲ್ಲ. ಒಬ್ಬರ ಬದುಕನ್ನು ನೋಡಿದರೆ ಸ್ವಲ್ಪ ಬೆಳಕು ಸಿಕ್ಕೀತು.

ಅವರ ಹೆಸರು ರಮೇಶ್ ಶೋತಂ. 1948ರಲ್ಲಿ ಮದ್ರಾಸಿನಲ್ಲಿ ಹುಟ್ಟಿದವರು. ಅವರು ತರುಣರಾಗಿದ್ದ ಹೊತ್ತಿಗೆ ಇಂಗ್ಲೆಂಡ್, ಅಮೆರಿಕಗಳ ರಾಕ್ ಸಂಗೀತ ಭಾರತದ ದೊಡ್ಡ ಊರುಗಳಿಗೆ ಬಂದಿತ್ತು. ಬೆಂಗಳೂರು, ಮದ್ರಾಸು, ಮುಂಬಯಿ, ಕಲ್ಕತ್ತಾಗಳ ಕಾಲೇಜು ಹುಡುಗರು ಗಿಟಾರು ಹಿಡಿದು ತಂಡ ಕಟ್ಟುತ್ತಿದ್ದರು. ಸಿಗರೇಟು ಕಂಪನಿಯೊಂದು ‘ಸಿಮ್ಲಾ ಬೀಟ್’ ಎಂಬ ಹೆಸರಿನಲ್ಲಿ ಈ ತಂಡಗಳಿಗೆ ಸ್ಪರ್ಧೆ ನಡೆಸುತ್ತಿತ್ತು. 1970 ಮತ್ತು 1971ರ ಸ್ಪರ್ಧೆಗಳ ಹಾಡುಗಳು ಧ್ವನಿಮುದ್ರಿಕೆಯಾಗಿ ಹೊರಬಂದು ಇಂದಿಗೂ ಸಂಗ್ರಾಹಕರ ಬಳಿ ಉಳಿದಿವೆ. ಅದೇ ಕಾಲದಲ್ಲಿ ರಮೇಶ್ ಮತ್ತು ಅವರ ಸಹೋದರ ಸುರೇಶ್ ಸೇರಿ ‘ಹ್ಯೂಮನ್ ಬಾಂಡೇಜ್’ ಎಂಬ ರಾಕ್ ತಂಡ ಕಟ್ಟಿದರು. ಸುರೇಶರದು ಗಿಟಾರು, ರಮೇಶರದು ಡ್ರಮ್ಸ್. ಮುಂದೆ ಬೆಂಗಳೂರಿನ ಜಾಜ್ ಗಾಯಕಿಯೆಂದು ಹೆಸರಾದ ರಾಧಾ ಥಾಮಸ್ ಆ ತಂಡದಲ್ಲಿ ಹಾಡಿದವರು. 1970ರ ದಶಕದಲ್ಲಿ ದೇಶದ ಹೆಸರಾಂತ ರಾಕ್ ತಂಡಗಳನ್ನು ಎಣಿಸಿದರೆ ಅದರಲ್ಲಿ ಹ್ಯೂಮನ್ ಬಾಂಡೇಜ್ ಇರುತ್ತಿತ್ತು.

ರಾಕ್ ತಂಡದಲ್ಲಿ ಡ್ರಮ್ ವಾದಕ ಎಲ್ಲರ ಹಿಂದೆ ಕೂರುತ್ತಾನೆ. ಪ್ರೇಕ್ಷಕರ ಕಣ್ಣು ಹಾಡುವವರ ಮೇಲೆ, ಗಿಟಾರಿನವರ ಮೇಲೆ. ಆದರೆ ಇಡೀ ತಂಡ ನಿಂತಿರುವುದು ಹಿಂದೆ ಕೂತವನ ಕೈಕಾಲುಗಳ ಮೇಲೆ. ಅವನ ಮುಂದಿರುವುದು ಒಂದು ವಾದ್ಯವಲ್ಲ, ವಾದ್ಯಗಳ ಸಂಸಾರ. ಬಲಗಾಲಿನ ಪೆಡಲ್ ಒತ್ತಿದರೆ ದೊಡ್ಡ ಬೇಸ್ ಡ್ರಮ್ ಗುಡುಗುತ್ತದೆ. ಎಡಗಾಲಿನ ಕೆಳಗೆ ಹೈಹ್ಯಾಟ್, ಅಂದರೆ ಒಂದರ ಮೇಲೊಂದು ಕೂತ ಎರಡು ಕಂಚಿನ ತಟ್ಟೆಗಳು. ತೊಡೆಯ ನಡುವೆ ಸ್ನೇರ್. ಅದರ ತಳದ ಚರ್ಮಕ್ಕೆ ತಂತಿಗಳನ್ನು ಬಿಗಿದಿರುವುದರಿಂದ ಏಟು ಬಿದ್ದಾಗ ಚರ್ ಎಂದು ಸಿಡಿಯುತ್ತದೆ. ಎತ್ತರದಲ್ಲಿ ಟಾಮ್‌ಗಳು, ಸಿಂಬಲ್‌ಗಳು. ನಾಲ್ಕು ಅವಯವಗಳು ನಾಲ್ಕು ಕೆಲಸ ಮಾಡಬೇಕು, ಒಂದು ಇನ್ನೊಂದರ ಲೆಕ್ಕ ತಪ್ಪಿಸಬಾರದು. ರಾಕ್ ಸಂಗೀತದ ಸಾಮಾನ್ಯ ನಡೆ ನಾಲ್ಕು ಎಣಿಕೆಯದು. ಒಂದು ಮತ್ತು ಮೂರಕ್ಕೆ ಬೇಸ್ ಡ್ರಮ್, ಎರಡು ಮತ್ತು ನಾಲ್ಕಕ್ಕೆ ಸ್ನೇರ್, ಮೇಲೆ ಬಲಗೈಯಲ್ಲಿ ಎಂಟು ಸಣ್ಣ ಏಟು. ಕೇಳಲು ಸುಲಭ. ಗಡಿಯಾರದಂತೆ ಮೂರು ತಾಸು ಹಾಗೆಯೇ ನಡೆಸುವುದು ಸುಲಭವಲ್ಲ.

ಹೆಸರು ಬಂದಿತ್ತು, ತಂಡವಿತ್ತು, ಚಪ್ಪಾಳೆಯಿತ್ತು. ಬೇರೆ ಯಾರೇ ಆಗಿದ್ದರೂ ಅಲ್ಲಿಗೇ ಸಾಕೆನ್ನುತ್ತಿದ್ದರು. ಇಲ್ಲಿಯೇ ರಮೇಶರ ಬದುಕು ವಿದ್ಯಾರ್ಥಿಗಳು ಗಮನಿಸಬೇಕಾದ ತಿರುವು ಪಡೆಯಿತು. ಇಪ್ಪತ್ತೈದು ದಾಟಿದ, ವೇದಿಕೆಯ ಮೇಲೆ ಪಳಗಿದ ಈ ಡ್ರಮ್ ವಾದಕರು ಬೆಂಗಳೂರಿಗೆ ಬಂದು, ಮೊದಲನೆಯ ಪಾಠದಿಂದ ಮತ್ತೆ ಕಲಿಯಲು ಕೂತರು. ಅವರು ಸೇರಿದ್ದು ಕರ್ನಾಟಕ ಕಾಲೇಜ್ ಆಫ್ ಪರ್ಕಶನ್. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಅವರು 1964ರಲ್ಲಿ ತಾಳವಾದ್ಯಗಳಿಗೆಂದೇ ಸ್ಥಾಪಿಸಿದ ಶಾಲೆ. ಅಲ್ಲಿ ಅವರು ಕೈಗೆತ್ತಿಕೊಂಡದ್ದು ತವಿಲ್.

ತವಿಲ್ ಎಂದರೆ ದೇವಸ್ಥಾನದಲ್ಲಿ, ಮದುವೆಯಲ್ಲಿ ನಾಗಸ್ವರದ ಜೊತೆಗೆ ಕೇಳುವ ವಾದ್ಯ. ನಮ್ಮ ದಕ್ಷಿಣದ ಜಿಲ್ಲೆಗಳಲ್ಲಿ ಅದನ್ನು ಡೋಲು ಎನ್ನುವುದೂ ಉಂಟು. ಹಲಸಿನ ಮರವನ್ನು ಕೊರೆದು ಮಾಡಿದ ದಪ್ಪ ಹೊಟ್ಟೆಯ ಈ ವಾದ್ಯವನ್ನು ಪಟ್ಟಿ ಕಟ್ಟಿ ಹೆಗಲಿಗೆ ತೂಗುಹಾಕುತ್ತಾರೆ. ಒಂದು ಮುಖಕ್ಕೆ ಗಿಡ್ಡ, ದಪ್ಪ ಕೋಲಿನ ಏಟು. ಇನ್ನೊಂದು ಮುಖಕ್ಕೆ ಬೆರಳುಗಳೇ. ಆ ಬೆರಳುಗಳಿಗೆ ಗಟ್ಟಿಯಾದ ಟೋಪಿಯಂಥ ಕವಚ ತೊಡಿಸಿರುತ್ತಾರೆ. ಬಯಲಿನಲ್ಲಿ, ಮೈಕಿಲ್ಲದೆ, ನಾಗಸ್ವರದ ಎತ್ತರದ ದನಿಗೆ ಸಮನಾಗಿ ನಿಲ್ಲಬೇಕಾದ ವಾದ್ಯವಾದ್ದರಿಂದ ಅದರ ದನಿ ಕಿವಿ ತುಂಬುವಂಥದು. ರಾಕ್ ತಂಡದಿಂದ ಬಂದ ಕೈಗೆ ಈ ಜೋರು ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ತವಿಲ್ ಅಲ್ಲದೆ ಘಟ, ಖಂಜಿರ, ಮೋರ್ಚಿಂಗ್‌ಗಳೂ ಮುಂದೆ ಅವರ ಕೈಗೆ ಬಂದವು.

ಆದರೆ ಕೈಗಿಂತ ಮೊದಲು ಕಲಿಯಬೇಕಾದದ್ದು ಬಾಯಿ. ಕರ್ನಾಟಕ ಸಂಗೀತದ ತಾಳವಾದ್ಯದಲ್ಲಿ ಬಾರಿಸುವ ಪ್ರತಿಯೊಂದು ಏಟಿಗೂ ಒಂದು ಅಕ್ಷರವಿದೆ. ಆ ಅಕ್ಷರಗಳನ್ನು ಬಾಯಲ್ಲಿ ಹೇಳುವ ಕಲೆಗೆ ಕೊನ್ನಕ್ಕೋಲು ಎಂದು ಹೆಸರು. ತ ಕಿ ಟ ಎಂದರೆ ಮೂರು. ತ ಕ ದಿ ಮಿ ಎಂದರೆ ನಾಲ್ಕು. ತ ದಿ ಗಿ ಣ ತೊಂ ಎಂದರೆ ಐದು. ಮೂರು ಮತ್ತು ನಾಲ್ಕನ್ನು ಕೂಡಿಸಿ ತ ಕಿ ಟ ತ ಕ ದಿ ಮಿ ಎಂದರೆ ಏಳು. ಐದು ಮತ್ತು ನಾಲ್ಕು ಸೇರಿದರೆ ಒಂಬತ್ತು. ಈ ಐದು ಲೆಕ್ಕಗಳಿಗೆ ತಿಸ್ರ, ಚತುರಶ್ರ, ಖಂಡ, ಮಿಶ್ರ, ಸಂಕೀರ್ಣ ಎಂದು ಹೆಸರು. ಒಂದು ಕೈಯಲ್ಲಿ ತಾಳ ಹಾಕುತ್ತಾ ಬಾಯಲ್ಲಿ ಇವನ್ನು ತಪ್ಪಿಲ್ಲದೆ ಹೇಳಲು ಬಂದರೆ ಮಾತ್ರ ವಾದ್ಯ ಮುಟ್ಟಲು ಅರ್ಥ.

ಇಲ್ಲಿ ಜನವಾಡದ ಹುಡುಗನ ಗಣಿತದ ಪುಸ್ತಕವನ್ನು ಸ್ವಲ್ಪ ನೆನಪಿಸಿಕೊಳ್ಳೋಣ. ಅದರಲ್ಲಿ ಲಘುತಮ ಸಾಮಾನ್ಯ ಅಪವರ್ತ್ಯ ಎಂಬ ಪಾಠವಿದೆ. ಮಕ್ಕಳು ಅದನ್ನು ಲ.ಸಾ.ಅ. ಎನ್ನುತ್ತಾರೆ. ನಾಲ್ಕು ಮತ್ತು ಏಳರ ಲ.ಸಾ.ಅ. ಎಷ್ಟು? ಇಪ್ಪತ್ತೆಂಟು. ಕಾಗದದ ಮೇಲೆ ಅದೊಂದು ಒಣ ಸಂಖ್ಯೆ. ಈಗ ಒಬ್ಬ ನಾಲ್ಕು ನಾಲ್ಕಾಗಿ ಎಣಿಸಲಿ, ಇನ್ನೊಬ್ಬ ಅದೇ ವೇಗದಲ್ಲಿ ಏಳು ಏಳಾಗಿ ಎಣಿಸಲಿ. ಮೊದಲ ಏಟು ಇಬ್ಬರದೂ ಒಟ್ಟಿಗೆ ಬೀಳುತ್ತದೆ. ಆಮೇಲೆ ಇಬ್ಬರೂ ಬೇರೆಯಾಗುತ್ತಾರೆ. ಕೇಳುವವರಿಗೆ ಎಲ್ಲ ಕಲಸಿಹೋದಂತೆ, ಯಾರೋ ತಪ್ಪಿದಂತೆ ಅನ್ನಿಸುತ್ತದೆ. ನಾಲ್ಕರವನು ಏಳು ಸುತ್ತು, ಏಳರವನು ನಾಲ್ಕು ಸುತ್ತು ಮುಗಿಸಿದಾಗ ಇಪ್ಪತ್ತೆಂಟು ಎಣಿಕೆಗಳಾಗಿ, ಮುಂದಿನ ಏಟು ಮತ್ತೆ ಇಬ್ಬರದೂ ಒಂದೇ ಕ್ಷಣದಲ್ಲಿ ಬೀಳುತ್ತದೆ. ಕಛೇರಿಯಲ್ಲಿ ಜನ ತಮಗರಿಯದೆ ‘ಆಹಾ’ ಎನ್ನುವುದು ಇಂಥ ಕ್ಷಣದಲ್ಲೇ. ಆ ‘ಆಹಾ’ದ ಹಿಂದೆ ಇರುವುದು ಐದಾರನೆಯ ತರಗತಿಯಲ್ಲಿ ಕಲಿತ ಲೆಕ್ಕ! ಬಡಿಯುವುದು ಬೇರೆ, ಓದುವುದು ಬೇರೆ ಎಂದು ಗೆರೆ ಎಳೆಯುವ ಮೊದಲು ಹಿರಿಯರು ಇದನ್ನೊಮ್ಮೆ ಮನೆಯಲ್ಲಿ ಮಾಡಿ ನೋಡಬೇಕು.

ರಮೇಶರು ಕಲಿಯುತ್ತಿದ್ದ ಶಾಲೆಗೆ ಜಗತ್ತು ತಾನಾಗಿಯೇ ನಡೆದುಬಂತು. ಜರ್ಮನಿಯ ಮ್ಯೂನಿಕ್ ನಗರದಲ್ಲಿ 1969ರಲ್ಲಿ ಹುಟ್ಟಿದ ‘ಎಂಬ್ರಿಯೋ’ ಎಂಬ ರಾಕ್ ತಂಡವಿತ್ತು. ಅದರ ನಾಯಕ ಕ್ರಿಶ್ಚಿಯನ್ ಬುರ್ಖಾರ್ಡ್ ಕೂಡ ತಾಳವಾದ್ಯದವರೇ. 1978–79ರಲ್ಲಿ ಆ ತಂಡದವರು ಬಸ್ಸು ಹತ್ತಿ, ರಸ್ತೆಯ ಮೇಲೆಯೇ, ಅಫ್ಘಾನಿಸ್ತಾನವನ್ನು ಹಾದು ಭಾರತಕ್ಕೆ ಬಂದರು. ಹೋದಲ್ಲೆಲ್ಲ ಅಲ್ಲಿಯ ವಾದಕರ ಜೊತೆ ಕೂತು ನುಡಿಸಿದರು. ಆ ಪ್ರಯಾಣದ ಮೇಲೆ ಚಲನಚಿತ್ರವೂ ಬಂತು. ಎಂಬ್ರಿಯೋ ಮತ್ತು ಬೆಂಗಳೂರಿನ ಈ ಶಾಲೆ ಸೇರಿ ಧ್ವನಿಮುದ್ರಣ ಮಾಡಿದವು. ಎಂಬ್ರಿಯೋದಿಂದ ಕವಲೊಡೆದ ‘ಡಿಸಿಡೆಂಟನ್’ ಎಂಬ ತಂಡದ ಮೊದಲ ಧ್ವನಿಮುದ್ರಿಕೆ ‘ಜರ್ಮಾನಿಸ್ತಾನ್’ 1982ರಲ್ಲಿ ಬಂದಾಗ ಅದರಲ್ಲೂ ಬೆಂಗಳೂರಿನ ತಾಳವಿತ್ತು.

ಈ ಕೂಟದಲ್ಲಿ ಇನ್ನೊಬ್ಬ ವಿದ್ಯಾರ್ಥಿಯಿದ್ದರು. ವಿದ್ಯಾರ್ಥಿ ಎಂದರೆ ನಗಬೇಡಿ. ಅವರು ಚಾರ್ಲಿ ಮರಿಯಾನೊ, 1923ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಹುಟ್ಟಿದ, ಜಾಜ್ ಲೋಕದಲ್ಲಿ ಬಹಳ ದೊಡ್ಡ ಹೆಸರಿನ ಸ್ಯಾಕ್ಸೊಫೋನ್ ವಾದಕ. ನಾಗಸ್ವರದ ನಾದಕ್ಕೆ ಮನಸೋತು, ಐವತ್ತರ ಆಸುಪಾಸಿನ ವಯಸ್ಸಿನಲ್ಲಿ, ದಕ್ಷಿಣ ಭಾರತಕ್ಕೆ ಬಂದು ಅದನ್ನು ಕಲಿತರು. 1983ರಲ್ಲಿ ಅವರು ಟಿ.ಎ.ಎಸ್. ಮಣಿ, ಗಾಯಕಿ ಆರ್.ಎ. ರಮಾಮಣಿ ಮತ್ತು ಸಂಗಡಿಗರ ಜೊತೆ ಮಾಡಿದ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯನ್ನು ಜರ್ಮನಿಯ ಇಸಿಎಂ ಸಂಸ್ಥೆ ಹೊರತಂದಿತು. ಹೆಸರು ಮಾಡಿದ ಮೇಲೂ ಗುರುವಿನ ಮುಂದೆ ಚಾಪೆಯ ಮೇಲೆ ಕೂತ ಎರಡು ತಲೆಮಾರಿನ ಇಬ್ಬರು ಕಲಾವಿದರು ಹೀಗೆ ಒಂದೇ ದಾರಿಯಲ್ಲಿ ಎದುರಾದರು. ಮುಂದೆ ಎಷ್ಟೋ ವೇದಿಕೆಗಳಲ್ಲಿ ಮರಿಯಾನೊ ಅವರ ಸ್ಯಾಕ್ಸೊಫೋನಿಗೆ ರಮೇಶರ ತಾಳ ಜೊತೆಯಾಯಿತು. ಮರಿಯಾನೊ 2009ರಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ತೀರಿಕೊಂಡರು.

ರಮೇಶರೂ ನೆಲೆ ಮಾಡಿಕೊಂಡದ್ದು ಅದೇ ಕಲೋನಿನಲ್ಲಿ. 1980ರ ದಶಕದಿಂದ ಯುರೋಪಿನ ಜಾಜ್ ಮತ್ತು ರಾಕ್ ಕಲಾವಿದರ ನಡುವೆ ಅವರ ಹೆಸರು ಬೆಳೆಯಿತು. ಲೆಬನಾನಿನ ಊದ್ ವಾದಕ ರಬೀ ಅಬೂ ಖಲೀಲರ ‘ಬುಕ್ರಾ’, ‘ಅಲ್ ಜದೀದಾ’ ಮುಂತಾದ ಧ್ವನಿಮುದ್ರಿಕೆಗಳಲ್ಲಿ ಅವರ ತಾಳವಾದ್ಯಗಳನ್ನು ಕೇಳಬಹುದು. ತಮ್ಮದೇ ಆದ ‘ಮದ್ರಾಸ್ ಸ್ಪೆಷಲ್’ ಎಂಬ ತಂಡವನ್ನೂ ಕಟ್ಟಿದರು. ಅವರು ಡ್ರಮ್ಸನ್ನು ಎಸೆದು ತವಿಲ್ ಹಿಡಿದವರಲ್ಲ. ಎರಡನ್ನೂ ಮುಂದಿಟ್ಟುಕೊಂಡು ಕೂತವರು. ಸಿಂಬಲ್‌ನ ಪಕ್ಕದಲ್ಲಿ ಘಟ, ಡ್ರಮ್ಮಿನ ಪಕ್ಕದಲ್ಲಿ ತವಿಲ್. ಬರೀ ಡ್ರಮ್ಸ್ ಬಾರಿಸುವವರು ಯುರೋಪಿನಲ್ಲಿ ಸಾವಿರಾರು ಮಂದಿ ಸಿಗುತ್ತಾರೆ. ಏಳನ್ನೂ ಒಂಬತ್ತನ್ನೂ ಬಾಯಲ್ಲಿ ಹೇಳಿ ಕೈಯಲ್ಲಿ ತೋರಿಸಬಲ್ಲ, ರಾಕ್ ತಂಡದ ಮರ್ಜಿಯನ್ನೂ ಬಲ್ಲವರು ಅಲ್ಲಿ ಬೆರಳೆಣಿಕೆಯಷ್ಟು. ಮರಳಿ ಶಾಲೆಗೆ ಹೋಗಿ ಕಲಿತದ್ದೇ ಅವರ ಅನ್ನಕ್ಕೆ ದಾರಿಯಾಯಿತು ಎಂದರೆ ತಪ್ಪಾಗಲಾರದು.

ಹಾಗೆಂದು ಈ ಕಥೆಯನ್ನು ಕೇಳಿದ ಮಕ್ಕಳು ನಾಳೆಯೇ ಪುಸ್ತಕ ಮಡಚಿಡಬೇಕೆಂದಲ್ಲ. ಅಂದಿನ ರಾಕ್ ತಂಡಗಳ ಹುಡುಗರಲ್ಲಿ ಎಲ್ಲರ ಬದುಕೂ ಸಂಗೀತದಲ್ಲೇ ನೆಲೆ ನಿಲ್ಲಲಿಲ್ಲ. ಎಷ್ಟೋ ತಂಡಗಳು ನಾಲ್ಕೈದು ವರ್ಷದಲ್ಲಿ ಚೆದುರಿಹೋದವು. ವಾದ್ಯ ದುಬಾರಿ, ಸಂಪಾದನೆ ತಿಂಗಳ ಪಗಾರದಂತೆ ಬರುವುದಿಲ್ಲ, ಹಬ್ಬದ ದಿನ, ಮದುವೆಯ ದಿನ ಮನೆಯವರ ಜೊತೆ ಇರಲಾಗುವುದಿಲ್ಲ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ದೊಡ್ಡ ಪಟ್ಟಣದಲ್ಲಿ ಬೆಳೆದು ಗಿಟಾರು, ಡ್ರಮ್ಸ್ ಆರಿಸಿಕೊಳ್ಳುವವರಿಗೆ ಇರುವ ಅನುಕೂಲ ಹಳ್ಳಿಯ ಹುಡುಗನಿಗಿಲ್ಲ. ಪಟ್ಟಣದ ಹುಡುಗ ಡ್ರಮ್ ಬಾರಿಸಿದರೆ ಅದು ಹವ್ಯಾಸ. ಹಲಗೆಯ ಮನೆಯ ಹುಡುಗ ಬಾರಿಸಿದರೆ ‘ಅಪ್ಪನ ಕಸುಬು ಹಿಡಿದ’ ಎಂಬ ಮಾತು ಬರುತ್ತದೆ. ಚರ್ಮ ಅದೇ, ಕೋಲು ಅದೇ. ಒಬ್ಬರಿಗೆ ಕುರ್ಚಿ, ಒಬ್ಬರಿಗೆ ಅಂಗಳದಾಚೆಯ ನೆಲ. ಅಪ್ಪ ಹಲಗೆಯನ್ನು ಅಟ್ಟಕ್ಕೆ ಹಾಕಿದ್ದು ಸಂಗೀತದ ಮೇಲಿನ ಸಿಟ್ಟಿನಿಂದಲ್ಲ, ಆ ನೆಲದ ಮೇಲಿನ ಸಿಟ್ಟಿನಿಂದ.

ಈ ಪ್ರಶ್ನೆಯನ್ನು ಬೀದರ ಜಿಲ್ಲೆಯ ಮಣ್ಣು ಬಹಳ ಹಿಂದೆಯೇ ಎದುರಿಸಿತ್ತು. ಹನ್ನೆರಡನೆಯ ಶತಮಾನದಲ್ಲಿ ಬಸವಕಲ್ಯಾಣದ ಶರಣರ ನಡುವೆ ಢಕ್ಕೆಯ ಬೊಮ್ಮಣ್ಣ ಎಂಬುವರಿದ್ದರು. ಢಕ್ಕೆ ಎಂಬ ಚರ್ಮವಾದ್ಯ ಬಾರಿಸುವುದು ಅವರ ಕಾಯಕ. ಬಾರಿಸುವ ಕೈಯೇ ವಚನವನ್ನೂ ಬರೆಯಿತು. ಅವರ ವಚನಗಳು ಇಂದಿಗೂ ಉಳಿದಿವೆ. ಶರಣರ ಸಾಲಿನಲ್ಲಿ ಅವರು ಹೊರಗೆ ನಿಂತವರಲ್ಲ, ಒಳಗೆ ಕೂತವರು. ಕಸುಬಿಗೆ ಕೀಳು ಮೇಲು ಅಂಟುವುದು ಚರ್ಮದಿಂದಲ್ಲ. ಬಾರಿಸು ಎಂದು ಹೇಳುವವರು ಬಾರಿಸುವವನನ್ನು ಯಾವ ಹೆಸರಿನಿಂದ ಕರೆಯುತ್ತಾರೆ, ಎಲ್ಲಿ ಕೂರಿಸುತ್ತಾರೆ, ಏನು ಕೊಡುತ್ತಾರೆ ಎಂಬುದರಿಂದ. ಕಲೋನಿನ ವೇದಿಕೆಯಲ್ಲಿ ತವಿಲ್‌ಗೆ ಸಿಗುವ ಗೌರವ ಜನವಾಡದ ಹಲಗೆಗೆ ಸಿಗದಿದ್ದರೆ ತಪ್ಪು ಹಲಗೆಯದಲ್ಲ.

ಆದ್ದರಿಂದ ಹೆತ್ತವರ ಮುಂದಿರುವುದು ‘ಬಾರಿಸಲೋ ಬೇಡವೋ’ ಎಂಬ ಪ್ರಶ್ನೆಯಲ್ಲ. ‘ಬಾರಿಸುವುದಾದರೆ ಹೇಗೆ’ ಎಂಬುದು. ನೋಡಿ ನೋಡಿ ಬಾರಿಸುವುದು ಒಂದು, ಕಲಿತು ಬಾರಿಸುವುದು ಇನ್ನೊಂದು. ಕರ್ನಾಟಕದಲ್ಲಿ ತಾಳವಾದ್ಯಕ್ಕೂ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಿವೆ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ಲರ ಹೆಸರಿನ ಸಂಗೀತ ವಿಶ್ವವಿದ್ಯಾಲಯವಿದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಂಥ ಸ್ಥಳದಲ್ಲಿ ಬಡವರ ಮಕ್ಕಳು, ಕಣ್ಣಿಲ್ಲದ ಮಕ್ಕಳು ತಬಲಾ ಕಲಿತು ಅನ್ನ ಕಂಡಿದ್ದಾರೆ. ಡ್ರಮ್ಸ್ ಬೇಕೆನ್ನುವವರಿಗೆ ಲಂಡನ್ನಿನ ಟ್ರಿನಿಟಿ ಕಾಲೇಜಿನ ಗ್ರೇಡ್ ಪರೀಕ್ಷೆಗಳು ನಮ್ಮ ದೇಶದ ನಗರಗಳಲ್ಲೂ ನಡೆಯುತ್ತವೆ. ಇವೆಲ್ಲ ಶಾಲೆಯ ಓದಿನ ಜೊತೆಗೇ ಆಗುವ ಕೆಲಸ. ವಾದ್ಯ ಕೊಳ್ಳುವ ಶಕ್ತಿ ಇಲ್ಲದಿದ್ದರೆ ಮೊದಲ ಒಂದು ವರ್ಷ ಏನನ್ನೂ ಕೊಳ್ಳಬೇಕಾಗಿಲ್ಲ. ಬಾಯಿಯೇ ವಾದ್ಯ, ತೊಡೆಯೇ ತಾಳ. ಆ ಒಂದು ವರ್ಷದಲ್ಲಿ ಹುಡುಗನದು ಗೀಳೋ ಆಸೆಯೋ ಎಂಬುದೂ ಗೊತ್ತಾಗುತ್ತದೆ. ಗೀಳಾದರೆ ತಾನಾಗಿ ಇಳಿಯುತ್ತದೆ. ಆಸೆಯಾದರೆ ಬೇಸರದ ಪಾಠವನ್ನೂ ದಾಟುತ್ತದೆ.

ಮಕ್ಕಳೂ ಒಂದು ಮಾತು ತಿಳಿಯಬೇಕು. ಅಪ್ಪನ ‘ಬೇಡ’ ಎಂಬುದರ ಹಿಂದೆ ಅಪ್ಪ ನುಂಗಿದ ಅವಮಾನ ಇರಬಹುದು. ಅದನ್ನು ಕೇಳಿ ತಿಳಿಯದೆ ಹಟ ಹಿಡಿಯುವುದು ತಾಳ ಕೇಳದೆ ಬಾರಿಸಿದ ಹಾಗೆ.

ಜನವಾಡದ ಆ ಮನೆಗೆ ಮರಳೋಣ. ಊಟವಾಗಿದೆ. ಹುಡುಗ ಮತ್ತೆ ಪುಸ್ತಕದ ಮುಂದೆ. ಲ.ಸಾ.ಅ. ಲೆಕ್ಕವೊಂದು ಬಂದಿದೆ, ಅವನು ಬರೆಯುವ ಬದಲು ಮೆಲ್ಲಗೆ ಏಳು ಏಳಾಗಿ ಪೆಟ್ಟಿಗೆ ತಟ್ಟುತ್ತಾ ತುಟಿಯಲ್ಲಿ ಎಣಿಸುತ್ತಿದ್ದಾನೆ. ಗೋಡೆಗೆ ಒರಗಿ ಕೂತ ಅಪ್ಪ ಕಣ್ಣು ಮುಚ್ಚಿದ್ದಾನೆ. ಮಲಗಿರಬೇಕೆಂದು ಹುಡುಗ ಸ್ವಲ್ಪ ಜೋರು ಮಾಡುತ್ತಾನೆ. ಆಗ ಅಪ್ಪನ ಬಲಗೈಯ ಎರಡು ಬೆರಳು ಮೊಣಕಾಲ ಮೇಲೆ ಏಳುತ್ತವೆ, ಬೀಳುತ್ತವೆ. ನಾಲ್ಕು ನಾಲ್ಕಾಗಿ. ಅವನಿಗೆ ಯಾರೂ ಹೇಳಿಕೊಟ್ಟದ್ದಲ್ಲ, ಚಿಕ್ಕಂದಿನಲ್ಲಿ ಅಪ್ಪನ ಹಲಗೆಯ ಹಿಂದೆ ನಡೆದ ಕಾಲಿನ ನೆನಪು. ಹುಡುಗ ನೋಡುತ್ತಾನೆ, ಬಿಡುವುದಿಲ್ಲ. ಏಳು ನಾಲ್ಕನ್ನು ಬಿಟ್ಟು ಓಡುತ್ತದೆ, ಹಿಂದೆ ಬೀಳುತ್ತದೆ, ಇಪ್ಪತ್ತೆಂಟು ದಾಟಿದ ಮರುಏಟಿಗೆ ಎರಡು ಕೈಗಳೂ ಒಟ್ಟಿಗೆ ಬೀಳುತ್ತವೆ.

ಅಪ್ಪ ಕಣ್ಣು ತೆರೆದ. ಅಟ್ಟದ ಕಡೆಗೊಮ್ಮೆ ನೋಡಿದ. ಆಮೇಲೆ ಮಗನ ಪುಸ್ತಕದ ಕಡೆಗೆ.

“ಮೊದ್ಲು ಲೆಕ್ಕ ಮುಗ್ಸು,” ಅಂದ. “ಆಮ್ಯಾಲ ನೋಡಮ್.”